ಪದ ಪರಿಚಯ: ಹೇರಿದ ಎಸ್ಕ್ರೋ

ಅಮೆರಿಕದಲ್ಲಿ ಮನೆ ಸಾಲದ ಕಂತಿನ ಜೊತೆಗೆ ಆಸ್ತಿ ತೆರಿಗೆ ಮತ್ತು ಮನೆ ವಿಮೆಯ ಹನ್ನೆರಡರಲ್ಲೊಂದು ಪಾಲನ್ನೂ ತಿಂಗಳು ತಿಂಗಳು ವಸೂಲಿ ಮಾಡಿ, ಗಡುವು ಬಂದಾಗ ಸಾಲಗಾರರ ಪರವಾಗಿ ಕಟ್ಟಲು ಇಡುವ ಖಾತೆಯೇ ಎಸ್ಕ್ರೋ ಅಕೌಂಟ್. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಇಂಪೌಂಡ್ ಅಕೌಂಟ್ ಎನ್ನುತ್ತಾರೆ. ಮನೆ ಕೊಳ್ಳುವಾಗ ವ್ಯವಹಾರ ಮುಗಿಯುವ ದಿನದ, ಅಂದರೆ ಕ್ಲೋಸಿಂಗ್‌ವರೆಗೆ ಹಣ ಇಟ್ಟಿರುವ ಎಸ್ಕ್ರೋ ಬೇರೆ. ನಮ್ಮಲ್ಲಿ ರೇರಾ ಕಾಯ್ದೆಯಡಿ ಬಿಲ್ಡರ್‌ಗಳು ಶೇ 70ರಷ್ಟು ಹಣ ಇಡಬೇಕಾದ ಖಾತೆಯೂ ಬೇರೆ.

ತೆರಿಗೆಯನ್ನು ತಾವೇ ಕಟ್ಟುತ್ತೇವೆಂದು ಒಪ್ಪಿಗೆ, ಅಂದರೆ ವೇವರ್, ಪಡೆದವರಿಗೂ ಸಾಲ ಕೊಟ್ಟವರು ಆಮೇಲೆ ಈ ಖಾತೆ ತೆರೆಯುವುದುಂಟು. ಇದೇ ಹೇರಿದ ಎಸ್ಕ್ರೋ. ಮನೆ ಕಂದಾಯಕ್ಕೂ ಸಾಲದ ಬ್ಯಾಂಕಿಗೂ ಸಂಬಂಧವೇ ಇಲ್ಲದ ಬೆಂಗಳೂರಿನಿಂದ ಹೋದವರಿಗೆ ಇದು ದಬ್ಬಾಳಿಕೆಯಂತೆ ಕಾಣುತ್ತದೆ. ಬ್ಯಾಂಕಿನ ಭಯಕ್ಕೂ ಕಾರಣವಿದೆ: ತೆರಿಗೆ ಬಾಕಿಗಾಗಿ ಕೌಂಟಿಗೆ (ಜಿಲ್ಲೆಯಂಥ ಸ್ಥಳೀಯ ಆಡಳಿತಕ್ಕೆ) ಮನೆಯ ಮೇಲಿರುವ ಹಕ್ಕು ಬ್ಯಾಂಕಿನ ಅಡಮಾನಕ್ಕಿಂತ ಮೊದಲು ನಿಲ್ಲುತ್ತದೆ. ಕೌಂಟಿ ಮನೆಯನ್ನು ಹರಾಜಿಗೆ ಹಾಕಿದರೆ ಬ್ಯಾಂಕಿನ ಭದ್ರತೆಯೇ ಹೋಗುತ್ತದೆ.

ತಕರಾರು ಎತ್ತುವ ಮೊದಲು ಸಾಲಪತ್ರ ಓದಬೇಕು. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳ ಮಾದರಿ ಅಡಮಾನ ಪತ್ರದ 3ನೇ ಕಲಂ ಪ್ರಕಾರ ಎಸ್ಕ್ರೋ ಕಟ್ಟುವುದೇ ನಿಯಮ, ವೇವರ್ ವಿನಾಯಿತಿ. ನೋಟಿಸ್ ಕೊಟ್ಟು ಆ ವಿನಾಯಿತಿಯನ್ನು ಯಾವಾಗ ಬೇಕಾದರೂ ಹಿಂಪಡೆಯಲು ಅದೇ ಕಲಂ ಅವಕಾಶ ಕೊಡುತ್ತದೆ. ಎಫ್‌ಎಚ್‌ಎ ಸಾಲ, ಅಂದರೆ ಫೆಡರಲ್ ಸರ್ಕಾರದ ವಿಮೆಯಿರುವ ಗೃಹಸಾಲ, ಆದರೆ ಎಸ್ಕ್ರೋ ಕಡ್ಡಾಯ. ಮಾರುಕಟ್ಟೆ ದರಕ್ಕಿಂತ ಸಾಕಷ್ಟು ಹೆಚ್ಚಿನ ಬಡ್ಡಿಯ ಸಾಲಗಳಿಗೆ ಸಾಮಾನ್ಯವಾಗಿ ಮೊದಲ 5 ವರ್ಷ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಹಾಗಾಗಿ ‘ನಿಮಗೆ ಅಧಿಕಾರವೇ ಇಲ್ಲ’ ಎಂಬ ವಾದ ಬಹುತೇಕ ಸೋಲುತ್ತದೆ. ‘ತೆರಿಗೆ ಕಟ್ಟಿದ್ದೇನೆ, ರಸೀದಿ ಇಲ್ಲಿದೆ, ನಿಮ್ಮ ದಾಖಲೆ ತಪ್ಪು’ ಎಂಬ ವಾದಕ್ಕೆ ಹೆಚ್ಚು ಬಲ.

ಆದರೆ ಕ್ಯಾಲಿಫೋರ್ನಿಯಾದಲ್ಲಿ ಅಧಿಕಾರದ ಪ್ರಶ್ನೆಯನ್ನೂ ಎತ್ತಬಹುದು. ಅಲ್ಲಿನ ಸಿವಿಲ್ ಕೋಡ್‌ನ 2954ನೇ ಕಲಂ, ಮಾಲೀಕರೇ ವಾಸವಿರುವ ಒಂಟಿ ಕುಟುಂಬದ ಮನೆಗೆ ಇಂಪೌಂಡ್ ಖಾತೆ ಕಡ್ಡಾಯ ಮಾಡಲು ಕೆಲವೇ ಕಾರಣಗಳನ್ನು ಒಪ್ಪುತ್ತದೆ. ಸತತ 2 ತೆರಿಗೆ ಕಂತುಗಳನ್ನು ಗಡುವಿನೊಳಗೆ ಕಟ್ಟದಿರುವುದು, ಸಾಲವು ಮನೆಯ ಬೆಲೆಯ ಶೇ 90 ಅಥವಾ ಅದಕ್ಕಿಂತ ಹೆಚ್ಚಿರುವುದು ಅವುಗಳಲ್ಲಿ ಸೇರಿವೆ. ಫೆಡರಲ್ ಪರವಾನಗಿಯ ರಾಷ್ಟ್ರೀಯ ಬ್ಯಾಂಕುಗಳು ತಮಗೆ ಫೆಡರಲ್ ಕಾನೂನು ಮಾತ್ರ ಅನ್ವಯ ಎಂದು ವಾದಿಸಬಹುದು. ಎಸ್ಕ್ರೋ ಹಣಕ್ಕೆ ಬಡ್ಡಿ ಕೊಡಬೇಕೆನ್ನುವ ನ್ಯೂಯಾರ್ಕ್ ಕಾನೂನಿನ ಬಗ್ಗೆ ಇಂಥದ್ದೇ ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿತ್ತು. 2024ರಲ್ಲಿ ಅದು ಮರುಪರಿಶೀಲನೆಗೆಂದು ಕೆಳಗಿನ ಕೋರ್ಟಿಗೆ ವಾಪಸಾಯಿತು.

ದಾಖಲೆ ತಪ್ಪುವುದು ಎಲ್ಲಿ? ಆಸ್ತಿಯನ್ನು ಗುರುತಿಸುವ ಪಾರ್ಸೆಲ್ ನಂಬರಿನ ಒಂದು ಅಂಕಿ ತಪ್ಪಿದರೆ ಪಕ್ಕದ ಮನೆಯ ಬಾಕಿ ನಿಮ್ಮ ತಲೆಗೆ ಬರುತ್ತದೆ. ಸಾಲ ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗವಾದಾಗ ವೇವರ್ ಕಾಗದ ಹಿಂದೆಯೇ ಉಳಿದುಬಿಡುತ್ತದೆ. ಮೂರನೆಯದು ನಿಜವಾದ ಬಾಕಿ, ಆದರೆ ಮಾಲೀಕರಿಗೇ ಗೊತ್ತಿರುವುದಿಲ್ಲ: ಕ್ಯಾಲಿಫೋರ್ನಿಯಾದ ಸಪ್ಲಿಮೆಂಟಲ್ ಬಿಲ್. ಮನೆ ಕೈಬದಲಾದ ಮೇಲೆ ಹೊಸ ಬೆಲೆಗೆ ಮೌಲ್ಯ ಕಟ್ಟಿ, ವ್ಯತ್ಯಾಸದ ಮೊತ್ತಕ್ಕೆ ಕೌಂಟಿ ಬೇರೆಯಾಗಿ ಕಳಿಸುವ ಬಿಲ್ ಇದು. ಜನವರಿಯಿಂದ ಮೇ ಒಳಗೆ ಕೊಂಡಿದ್ದರೆ ಸಾಮಾನ್ಯವಾಗಿ 2 ಬಿಲ್ ಬರುತ್ತವೆ. ವಾರ್ಷಿಕ ಬಿಲ್‌ನ ಗಡುವು ಡಿಸೆಂಬರ್ 10 ಮತ್ತು ಏಪ್ರಿಲ್ 10 ಎಂದು ನೆನಪಿಟ್ಟುಕೊಂಡವರು ಇದರ ಬೇರೆ ಗಡುವನ್ನು ಮರೆಯುತ್ತಾರೆ. ತಪ್ಪಿದರೆ ಶೇ 10 ದಂಡ.

ಮೊದಲ ಕೆಲಸ, ಕೌಂಟಿ ವೆಬ್‌ಸೈಟ್‌ನಲ್ಲಿ ಪಾರ್ಸೆಲ್ ನಂಬರ್ ಹಾಕಿ, ಕಟ್ಟಿದ ದಿನಾಂಕ ಮತ್ತು ಮೊತ್ತ ಇರುವ ಪುಟವನ್ನು ಪ್ರಿಂಟ್ ತೆಗೆಯುವುದು. ಬಳಿಕ ಕಂತು ವಸೂಲಿ ಮಾಡುವ ಸರ್ವಿಸರ್ ಕಂಪನಿಗೆ ‘ನೋಟಿಸ್ ಆಫ್ ಎರರ್’ ಎಂಬ ಪತ್ರ. ಫೋನಿನಲ್ಲಿ ಎಷ್ಟು ಜಗಳವಾಡಿದರೂ ಕಾನೂನಿನ ಗಡುವು ಶುರುವಾಗುವುದಿಲ್ಲ. ಕಂತಿನ ಕೂಪನ್ ಮೇಲೆ ಗೀಚಿದ್ದೂ ಲೆಕ್ಕಕ್ಕಿಲ್ಲ. ಪತ್ರದಲ್ಲಿ ಹೆಸರು, ಸಾಲದ ಸಂಖ್ಯೆ, ಮನೆ ವಿಳಾಸ, ಆದ ತಪ್ಪು, ಆಗಬೇಕಾದ ಸರಿಪಡಿಕೆ ಇರಲಿ. ರಸೀದಿ, ವೇವರ್ ಪ್ರತಿ ಲಗತ್ತಿಸಿ. ಎಸ್ಕ್ರೋ ತೆರೆಯಲು ಆಧಾರವಾದ ದಾಖಲೆಯ ಪ್ರತಿಯನ್ನೂ ಕೇಳಿ. ಕಂತು ಕಳಿಸುವ ವಿಳಾಸಕ್ಕಲ್ಲ, ತಕರಾರಿಗೆಂದೇ ಗೊತ್ತುಪಡಿಸಿದ ವಿಳಾಸಕ್ಕೆ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಬೇಕು. ಫೆಡರಲ್ ರೆಗ್ಯುಲೇಷನ್ ಎಕ್ಸ್ ಪ್ರಕಾರ 5 ಕೆಲಸದ ದಿನಗಳಲ್ಲಿ ಸ್ವೀಕೃತಿ, 30 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ಲಿಖಿತವಾಗಿ ತಿಳಿಸಿ ಇನ್ನೂ 15 ಕೆಲಸದ ದಿನ ತೆಗೆದುಕೊಳ್ಳಬಹುದು. ಪತ್ರ ತಲುಪಿದ 60 ದಿನಗಳವರೆಗೆ, ತಕರಾರಿನಲ್ಲಿರುವ ಪಾವತಿಯ ಬಗ್ಗೆ ಕ್ರೆಡಿಟ್ ಬ್ಯೂರೋಗೆ ಕೆಟ್ಟ ವರದಿ ಕೊಡುವಂತಿಲ್ಲ.

ಎಲ್ಲಕ್ಕಿಂತ ದುಬಾರಿ ತಪ್ಪು, ಕಂತು ತಾನಾಗಿ ಹೋಗುವ ಆಟೋಪೇಯಲ್ಲಿ ಆಗುತ್ತದೆ. ಕಂತು 3,000 ಡಾಲರ್‌ನಿಂದ 4,000ಕ್ಕೆ ಏರಿದೆ, ಸಿಟ್ಟಿಗೋ ಮರೆವಿಗೋ ಹಳೆಯ 3,000 ಮಾತ್ರ ಹೋಗುತ್ತಿದೆ ಅನ್ನಿ. ಎಸ್ಕ್ರೋ ಸೇರಿದ್ದೇ ಪೂರ್ತಿ ಕಂತು. ಕಡಿಮೆ ಬಂದ ಹಣವನ್ನು ಅಸಲು-ಬಡ್ಡಿಗೆ ಹಾಕದೆ ಸಸ್ಪೆನ್ಸ್ ಎಂಬ ತಾತ್ಕಾಲಿಕ ಖಾತೆಯಲ್ಲಿ ಇಡಬಹುದು. ತಕರಾರು ಗೆಲ್ಲುವಂಥದ್ದೇ ಆಗಿದ್ದರೂ ಅಷ್ಟರಲ್ಲಿ ಸಾಲ ಬಾಕಿ ಬಿದ್ದಿರುತ್ತದೆ. ವ್ಯಾಜ್ಯ ಮುಗಿಯುವವರೆಗೆ ಪೂರ್ತಿ ಮೊತ್ತ ಕಟ್ಟಿ, ಆಕ್ಷೇಪಣೆ ಉಳಿಸಿಕೊಂಡೇ ಕಟ್ಟುತ್ತಿದ್ದೇನೆಂದು ಪತ್ರದಲ್ಲಿ ಬರೆಯುವುದೇ ಲೇಸು.

ಎಸ್ಕ್ರೋ ನ್ಯಾಯವೇ ಎಂದಾದರೂ ಲೆಕ್ಕ ನೋಡುವುದನ್ನು ಬಿಡಬೇಡಿ. ವರ್ಷದ ತೆರಿಗೆ 12,000 ಡಾಲರ್ ಆದರೆ ತಿಂಗಳಿಗೆ 1,000. ಕುಶನ್ ಎಂಬ ಹೆಚ್ಚುವರಿ ಮೀಸಲು ವರ್ಷದ ಮೊತ್ತದ ಆರನೇ ಒಂದು ಪಾಲು, ಅಂದರೆ 2,000 ಮೀರಬಾರದು. ಶಾರ್ಟೇಜ್, ಅಂದರೆ ಖಾತೆಯಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಬಿದ್ದ ಹಣ, ಒಂದು ತಿಂಗಳ ಎಸ್ಕ್ರೋ ಮೊತ್ತದಷ್ಟು ಅಥವಾ ಹೆಚ್ಚಿದ್ದರೆ ಕನಿಷ್ಠ 12 ತಿಂಗಳಿಗೆ ಹಂಚಬೇಕು. ವಾರ್ಷಿಕ ಲೆಕ್ಕದಲ್ಲಿ 50 ಡಾಲರ್ ಅಥವಾ ಹೆಚ್ಚು ಉಳಿದರೆ, ಕಂತು ಬಾಕಿಯಿಲ್ಲದವರಿಗೆ 30 ದಿನಗಳಲ್ಲಿ ವಾಪಸ್ ಕೊಡಬೇಕು. ನೀವು ಕಟ್ಟದ ತೆರಿಗೆಯನ್ನು ಬ್ಯಾಂಕು ಮೊದಲೇ ತುಂಬಿದ್ದರೆ ಆ ಹಣದ ಕಥೆ ಬೇರೆ: ಮಾದರಿ ಪತ್ರದ 9ನೇ ಕಲಂ ಅದನ್ನು ಬಡ್ಡಿ ಸಮೇತ ಸಾಲಕ್ಕೇ ಸೇರಿಸಲು ಬಿಡುತ್ತದೆ.

ಒಂದೇ ಕಂತನ್ನು ನೀವೂ ಬ್ಯಾಂಕೂ ಕಟ್ಟಿದ್ದರೆ, ಹೆಚ್ಚುವರಿ ಹಣ ಯಾರ ಹೆಸರಿಗೆ ವಾಪಸಾಗುತ್ತದೆ ಎಂದು ಕೌಂಟಿಯ ತೆರಿಗೆ ಕಚೇರಿಯಲ್ಲಿ ಕೇಳಿ. ಸರ್ವಿಸರ್‌ಗೆ ಹೋಗುವುದಾದರೆ ಅದನ್ನು ನಿಮ್ಮ ಖಾತೆಗೆ ಜಮಾ ಮಾಡಿದ ದಾಖಲೆಯನ್ನು ಅದೇ ಪತ್ರದಲ್ಲಿ ಕೇಳಿಬಿಡಿ.