ರಗ್ಬಿ ತಂಡ ಸೇರೋಕೆ ಕೆಲಸ ಬಿಡಬೇಕಾ?

ಪ್ರಶ್ನೆ: ಕಾರವಾರದ ಗ್ಯಾರೇಜೊಂದರಲ್ಲಿ ಕೆಲಸ ಮಾಡ್ತೀನಿ, ಕಬಡ್ಡಿ ಆಡ್ತೀನಿ. ನಮ್ಮ ಕಡೆ ಸೆಮಿ ಪ್ರೊಫೆಷನಲ್ ರಗ್ಬಿ ತಂಡ ಕಟ್ಟೋ ಮಾತು ನಡೀತಿದೆ. ಸೇರಿದ್ರೆ ಸಂಬಳ ಬರುತ್ತಾ? ಕೆಲಸ ಬಿಡಬೇಕಾ?

ಬಿಡಬೇಡಿ. ಸೆಮಿ ಪ್ರೊಫೆಷನಲ್ ಅಂದರೆ ಆಟಕ್ಕೆ ಒಂದಿಷ್ಟು ದುಡ್ಡು ಬರುತ್ತದೆ, ಆದರೆ ಹೊಟ್ಟೆಪಾಡಿಗೆ ಬೇರೆ ಕೆಲಸ ಇರಲೇಬೇಕು. ಸಾಮಾನ್ಯವಾಗಿ ಪಂದ್ಯಕ್ಕೆ ಇಷ್ಟು ಅಂತ ಕೊಡುತ್ತಾರೆ, ಜೊತೆಗೆ ಓಡಾಟದ ಖರ್ಚು, ಕಿಟ್. ವಾರದಲ್ಲಿ ಒಂದೆರಡು ಸಂಜೆ ಪ್ರಾಕ್ಟೀಸ್, ವಾರದ ಕೊನೆಗೆ ಪಂದ್ಯ. ಹೊಸ ತಂಡಕ್ಕೆ ಟಿಕೆಟ್ ದುಡ್ಡೂ ಇಲ್ಲ, ಟಿವಿ ದುಡ್ಡೂ ಇಲ್ಲ. ಒಬ್ಬ ಸ್ಪಾನ್ಸರ್ ಕೈಕೊಟ್ಟರೆ ನಿಮ್ಮ ಫೀಸೂ ಗೋತಾ.

ಈ ದುಡ್ಡಿನ ಜಗಳ ರಗ್ಬಿಯಲ್ಲಿ ತುಂಬಾ ಹಳೆಯದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಗಣಿ, ಗಿರಣಿಗಳ ಕೆಲಸಗಾರರು ಆಡುತ್ತಿದ್ದರು. ಶನಿವಾರ ಆಟಕ್ಕೆ ಹೋದರೆ ಅವತ್ತಿನ ಕೂಲಿ ಹೋಯಿತು. ಅದನ್ನಾದರೂ ತುಂಬಿಕೊಡಿ ಅಂದರೆ ರಗ್ಬಿ ಸಂಘದ ಮೇಲಿನವರು ಒಪ್ಪಲಿಲ್ಲ. 1895ರಲ್ಲಿ ಉತ್ತರದ ಕ್ಲಬ್ಬುಗಳು ಸಿಟ್ಟಾಗಿ ಬೇರೆಯಾದವು, ಕೂಲಿ ತಪ್ಪಿದವನಿಗೆ ದಿನಕ್ಕೆ 6 ಶಿಲಿಂಗ್ ಕೊಡಬಹುದು ಅಂದವು. ಅದೇ ಮುಂದೆ 13 ಜನರ ರಗ್ಬಿ ಲೀಗ್ ಆಯಿತು. 15 ಜನರ ರಗ್ಬಿ ಯೂನಿಯನ್ ಆಟಗಾರರಿಗೆ ರಾಜಾರೋಷವಾಗಿ ದುಡ್ಡು ಕೊಡಲು ಒಪ್ಪಿದ್ದು 1995ರಲ್ಲಿ. ಬರೋಬ್ಬರಿ ನೂರು ವರ್ಷ!

ಹಾಗಾಗಿ ಸಂಬಳ ಎಷ್ಟು ಅಂತ ಕೇಳುವ ಮೊದಲು, ಕೆಲಸಕ್ಕೆ ಹೋಗಲಾಗದ ದಿನ ಏನು ಕೊಡ್ತೀರಿ ಅಂತ ಕೇಳಿ. ನಮ್ಮ ಜಿಲ್ಲೆಯಲ್ಲಂತೂ ಈ ಲೆಕ್ಕ ಒಬ್ಬೊಬ್ಬರದು ಒಂದೊಂದು ಥರ. ಬೋಟಿಗೆ ಹೋಗುವವನಿಗೆ ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ ಇರುವಾಗ ಪುರುಸೊತ್ತು, ಆಗಲೇ ಧೋ ಅಂತ ಮಳೆ. (ಕೆಸರು ರಗ್ಬಿಗೆ ಅಡ್ಡಿಯಲ್ಲ. ಚಿರೇಕಲ್ಲು ಎದ್ದ ನೆಲದಲ್ಲಿ ಮಾತ್ರ ಬೀಳೋಕೆ ಹೋಗಬೇಡಿ.) ಶಿರಸಿಯವನು ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ತೋಟ ಬಿಟ್ಟು ಬರೋದಿಲ್ಲ. ಅವನಿಗೆ ಮಳೆಗಾಲದಲ್ಲಿ ದೇವಿಮನೆ ಘಾಟ್ ಇಳಿದು ಕಾರವಾರಕ್ಕೆ ಪ್ರಾಕ್ಟೀಸಿಗೆ ಬಾ, ರಾತ್ರಿ ವಾಪಸ್ ಹೋಗು, ಬೆಳಿಗ್ಗೆ ಮತ್ತೆ ಕೆಲಸ ಮಾಡು ಅಂದರೆ ಎಷ್ಟು ವಾರ ನಡೆಯುತ್ತೆ ಹೇಳಿ? ಇದನ್ನೆಲ್ಲ ನೋಡಿಕೊಂಡು ಸೀಸನ್ ಹಾಕುವವರು ತಂಡ ಕಟ್ಟಿದರೆ ಸೇರಬಹುದು.

ಕಬಡ್ಡಿ ಬರುತ್ತೆ ಅಂದಿರಿ, ಒಳ್ಳೆಯದು. ಕಾಲಿಗೆ ಬಿದ್ದು ತಬ್ಬುವ ಧೈರ್ಯ ನಿಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಕಬಡ್ಡಿಯಲ್ಲಿ ಹಿಡಿದವನನ್ನು ಬಿಡದೇ ಇರುವುದೇ ಆಟ, ರಗ್ಬಿಯಲ್ಲಿ ಕೆಡವಿದ ಕೂಡಲೇ ಬಿಟ್ಟುಬಿಡಬೇಕು. ಬಿದ್ದವನೂ ಚೆಂಡನ್ನು ಅವುಚಿಕೊಂಡು ಮಲಗುವಂತಿಲ್ಲ. ಮೈ ತಿರುಗಿಸಿ, ಕೈ ಚಾಚಿ, ತನ್ನವರ ಕಡೆಗೆ ಚೆಂಡು ಇಟ್ಟು ಕೈ ತೆಗೆಯಬೇಕು. ತಪ್ಪಿದರೆ ಪೆನಾಲ್ಟಿ, ಅದನ್ನು ಎದುರಾಳಿ ಕಂಬಗಳ ನಡುವೆ ಒದ್ದರೆ 3 ಪಾಯಿಂಟ್. ಭುಜದ ಗೆರೆಗಿಂತ ಮೇಲೆ ಹಿಡಿಯುವಂತಿಲ್ಲ, ಚೆಂಡಿಲ್ಲದವನನ್ನು ಕೆಡವುವಂತಿಲ್ಲ. ಇನ್ನೊಂದು, ಪಕ್ಕದಿಂದ ಟ್ಯಾಕಲ್ ಮಾಡುವಾಗ, ಅಂದರೆ ಹಿಡಿದು ಕೆಡವುವಾಗ, ನಿಮ್ಮ ತಲೆ ಓಡುವವನ ಬೆನ್ನಿನ ಕಡೆಗಿರಬೇಕು. ಮುಂದಕ್ಕೆ ಹಾಕಿದಿರೋ, ಅವನ ಮೊಣಕಾಲು ಸೀದಾ ನಿಮ್ಮ ಕೆನ್ನೆಗೆ.

ತಲೆ ವಿಷಯದಲ್ಲಿ ಸುಮ್ನೆ ಇರಬೇಡಿ. ತಲೆಗೆ ಪೆಟ್ಟಾಗಿ ಮಂಕಾಗಿದ್ದಾನೆ ಅಂತ ಅನುಮಾನ ಬಂದರೂ ಸಾಕು, ಇಂಥ ತಂಡದ ಮಟ್ಟದಲ್ಲಿ ಅವನು ಹೊರಗೆ ಹೋಗಬೇಕು, ಅವತ್ತು ಮತ್ತೆ ಆಡುವಂತಿಲ್ಲ. ಪೂರ್ತಿ ಆಟಕ್ಕೆ ಮರಳಲು ವಾರಗಳೇ ಬೇಕು. ನಮ್ಮಲ್ಲಿ ದೊಡ್ಡ ಪೆಟ್ಟು ಅಂದರೆ ಮಣಿಪಾಲ, ಮಂಗಳೂರು, ಇಲ್ಲವೇ ಗೋವಾಕ್ಕೆ ಓಡುವುದು ಎಲ್ಲರಿಗೂ ಗೊತ್ತಿರುವ ಕಥೆ. ಆಂಬುಲೆನ್ಸ್ ಬಾಡಿಗೆ ಯಾರದ್ದು, ಸ್ಕ್ಯಾನ್ ದುಡ್ಡು ಯಾರು ಕೊಡ್ತಾರೆ, ವಿಮೆ ಯಾರ ಹೆಸರಲ್ಲಿದೆ, ಮನೆಯಲ್ಲಿ ಕೂತ ವಾರಗಳಿಗೆ ಏನಾದರೂ ಇದೆಯಾ? ಇವನ್ನು ಬರೆದು ಕೊಡಲಿ. "ಆಮೇಲೆ ನೋಡೋಣ ಮಾರಾಯ" ಅಂದರೆ ಸಹಿ ಹಾಕಬೇಡಿ. ಪಂದ್ಯದ ಫೀಸಿಗಿಂತ ಇದೇ ಜಾಸ್ತಿ ಮುಖ್ಯ.

ಟಿವಿಯಲ್ಲಿ ನೋಡಿ ಆಸೆ ಹುಟ್ಟಿದ್ದರೆ ಒಂದು ಮಾತು. 2025ರ ಜೂನ್‌ನಲ್ಲಿ ಮುಂಬೈನಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್ ಏಳು ಜನರ ಆಟ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳಿದ್ದವು, ಹೊರದೇಶದ ದೊಡ್ಡ ಆಟಗಾರರೂ ಇದ್ದರು. ನಿಮ್ಮ ಕಡೆ ಕಟ್ಟೋದು 15 ಜನರ ತಂಡವಾದರೆ ಆಟ 80 ನಿಮಿಷದ್ದು, ಅದಕ್ಕೆ ಬೇಕಾದ ಮೈಕಟ್ಟೇ ಬೇರೆ. ವೇಗದ ಹುಡುಗರು ಎಲ್ಲಾ ಊರಲ್ಲೂ ಸಿಗುತ್ತಾರೆ. ಹೊಸ ತಂಡಕ್ಕೆ ಸಿಗದೇ ಇರುವುದು ಸ್ಕ್ರಮ್‌ನ ಮುಂದಿನ ಸಾಲಿನ ಮೂವರು. (ಸ್ಕ್ರಮ್ ಅಂದರೆ ಎರಡೂ ತಂಡದ ಎಂಟೆಂಟು ಜನ ಒಬ್ಬರನ್ನೊಬ್ಬರು ತಬ್ಬಿ, ಬಾಗಿ, ಎದುರುಬದುರಾಗಿ ಚೆಂಡಿಗಾಗಿ ತಳ್ಳಾಡುವುದು.) 23 ಜನರ ತಂಡದಲ್ಲಿ ಆ ಜಾಗಕ್ಕೆ ತರಬೇತಿ ಆದವರು ಆರು ಜನ ಇರಬೇಕು ಅಂತ ನಿಯಮವೇ ಇದೆ, ಯಾಕೆಂದರೆ ಅಲ್ಲಿ ಗೊತ್ತಿಲ್ಲದವನು ಹೋಗಿ ತಲೆ ಕೊಟ್ಟರೆ ಕುತ್ತಿಗೆಗೇ ಅಪಾಯ. ಮುಂದಿನ ಸಾಲಿಗೆ ಸರಿಯಾದವರು ಸಾಲದಿದ್ದರೆ ಎರಡೂ ಕಡೆಯವರು ತಳ್ಳದೇ ಸುಮ್ನೆ ಸ್ಕ್ರಮ್ ಕಟ್ಟಬೇಕಾಗುತ್ತದೆ. ಹಳಿಯಾಳದ ಕಡೆ ಕುಸ್ತಿ ಮಾಡಿದ, ನೂರು ಕಿಲೋ ತೂಗುವ ಗೆಳೆಯ ಯಾರಾದರೂ ಇದ್ದರೆ ಟ್ರಯಲ್ಸಿಗೆ ಅವನನ್ನೂ ಕರೆದುಕೊಂಡು ಹೋಗಿ. ನಿಮಗಿಂತ ಮೊದಲು ಅವನೇ ಆಯ್ಕೆ ಆದರೂ ಆದಾನು.