ನೋವಿನ ಮಾತ್ರೆ: ಹೊಟ್ಟೆಗೋ, ಎದೆಗೋ?

ನಮ್ಮಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡಿ ಬಾವು ತರುವ ಕಾಯಿಲೆ. ಬೆಳಿಗ್ಗೆ ಬೆರಳು ಮಡಚಲು ಆಗದೆ ಕಾಫಿ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿಯುತ್ತಿದ್ದರು. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರು, ಹೊಟ್ಟೆ ಉರಿ ಶುರುವಾಯಿತು. ಆಮೇಲೆ 'ಇದು ಹೊಟ್ಟೆಗೆ ಏನೂ ಮಾಡಲ್ಲ' ಅಂತ ಎಟೊರಿಕಾಕ್ಸಿಬ್ ಕೊಟ್ಟರು. ಅದು ಬಿಪಿ ಏರಿಸಬಲ್ಲ ಮಾತ್ರೆ, ಆದರೂ ಬಿಪಿ ಇದೆಯಾ ಅಂತ ಯಾರೂ ಕೇಳಲಿಲ್ಲ. ಇತ್ತು!

ಇವೆಲ್ಲ ಒಂದೇ ಜಾತಿಯ ಮಾತ್ರೆಗಳು. ಊತ, ನೋವು ತರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ದೇಹದಲ್ಲಿ ತಯಾರಾಗದಂತೆ ತಡೆಯುತ್ತವೆ. ಆಸ್ಪಿರಿನ್ ಹೀಗೇ ಕೆಲಸ ಮಾಡುತ್ತದೆ ಅಂತ 1971ರಲ್ಲಿ ತೋರಿಸಿದವರು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್. ತೊಂದರೆ ಏನೆಂದರೆ, ಪ್ರೊಸ್ಟಗ್ಲಾಂಡಿನ್ ತಯಾರಿಸುವ ಕಾಕ್ಸ್ ಎಂಬ ಕಿಣ್ವ ಎರಡು ಬಗೆ. ಕಾಕ್ಸ್-2 ಬಾವು ಬಂದ ಕಡೆ ಜಾಸ್ತಿಯಾಗುತ್ತದೆ, ಕಾಕ್ಸ್-1 ಹೊಟ್ಟೆಯ ಒಳಪದರವನ್ನು ಕಾಯುತ್ತದೆ. ಹಳೆಯ ಮಾತ್ರೆಗಳು ಎರಡಕ್ಕೂ ಕೈ ಹಾಕುತ್ತವೆ. ಹಾಗಾದರೆ ಕಾಕ್ಸ್-2 ಒಂದನ್ನೇ ತಡೆದರೆ ಸಾಕಲ್ವಾ?

ಹಾಗೆ ಬಂದದ್ದೇ ರೊಫೆಕಾಕ್ಸಿಬ್. 2000ದಲ್ಲಿ ಪ್ರಕಟವಾದ ವಿಗರ್ ಅಧ್ಯಯನದಲ್ಲಿ ಅಮ್ಮನ ಕಾಯಿಲೆಯೇ ಇದ್ದ ಸುಮಾರು 8,000 ಜನರಲ್ಲಿ ಅದನ್ನು ಹಳೆಯ ಮಾತ್ರೆ ನಪ್ರೊಕ್ಸೆನ್ ಜೊತೆ ಹೋಲಿಸಿದರು. ನೋವು ಎರಡರಲ್ಲೂ ಒಂದೇ ಥರ ಇಳಿಯಿತು. ಹೊಟ್ಟೆಯ ಹುಣ್ಣು, ರಕ್ತಸ್ರಾವ ಹೆಚ್ಚುಕಡಿಮೆ ಅರ್ಧವಾಯಿತು. ಹೃದಯಾಘಾತ ಮಾತ್ರ ರೊಫೆಕಾಕ್ಸಿಬ್ ನುಂಗಿದವರಲ್ಲಿ ಸುಮಾರು ನಾಲ್ಕು ಪಟ್ಟು! ಅದು ನಪ್ರೊಕ್ಸೆನ್ ಹೃದಯ ಕಾಯುವುದರಿಂದ ಹಾಗೆ ಕಾಣುತ್ತಿದೆ ಅಂತ ರೊಫೆಕಾಕ್ಸಿಬ್ ತಯಾರಿಸಿದ ಕಂಪನಿ ವಾದ ಮಾಡಿತು, ಕೊನೆಗೆ 2004ರಲ್ಲಿ ಮಾತ್ರೆಯನ್ನೇ ವಾಪಸ್ ತೆಗೆದುಕೊಂಡಿತು.

2016ರ ಪ್ರಿಸಿಷನ್ ಅಧ್ಯಯನದಲ್ಲಿ 24,000ಕ್ಕೂ ಹೆಚ್ಚು ಜನರಿದ್ದರು. ಕಾಕ್ಸ್-2 ತಡೆಯುವ ಇನ್ನೊಂದು ಮಾತ್ರೆ ಸೆಲೆಕಾಕ್ಸಿಬ್, ಹೃದಯದ ವಿಷಯದಲ್ಲಿ ಹಳೆಯ ಮಾತ್ರೆಗಳಾದ ನಪ್ರೊಕ್ಸೆನ್, ಐಬುಪ್ರೊಫೆನ್‌ಗಿಂತ ಕೆಟ್ಟದ್ದಾಗಿ ಕಾಣಲಿಲ್ಲ. ಆದರೆ ಹತ್ತರಲ್ಲಿ ಒಂಬತ್ತು ಜನ ಕೀಲು ಸವೆದವರು, ಅಮ್ಮನ ಕಾಯಿಲೆಯವರಲ್ಲ, ಸೆಲೆಕಾಕ್ಸಿಬ್ ಡೋಸೂ ಕಡಿಮೆ. ಅಮ್ಮನಂಥವರಿಗೆ ಅದನ್ನು ಹಾಗೇ ಹೊಂದಿಸಲು ನನಗಂತೂ ಧೈರ್ಯವಿಲ್ಲ. ಕಿಡ್ನಿ ವಿಷಯಕ್ಕೆ ಬಂದರೆ ಇವುಗಳಲ್ಲಿ ಯಾವುದೂ ಪೂರ್ತಿ ಸಾಧುವಲ್ಲ.

ಇಷ್ಟೆಲ್ಲ ಹೋಲಿಸಿದರೂ ಇವು ನೋವನ್ನು ತಗ್ಗಿಸುತ್ತವೆ ಅಷ್ಟೇ, ಕೀಲು ಒಳಗೊಳಗೇ ಹಾಳಾಗುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಮೆಥೊಟ್ರೆಕ್ಸೇಟ್‌ನಂಥ ಬೇರೆ ಔಷಧಿಯೇ ಬೇಕು. ಅದನ್ನು ನುಂಗುವುದು ವಾರಕ್ಕೆ ಒಂದೇ ದಿನ, ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಅಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಸುತ್ತು ಹಾಕಿದ್ದಾರೆ. ಎರಡು ತಿಂಗಳಾದ ಮೇಲೆ ಲೋಟ ಒಂದೇ ಕೈಗೆ ಬಂತು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಮಾತ್ರ ಇನ್ನೂ ನಾನೇ ತೆಗೆದುಕೊಡಬೇಕು.