ಬೈದರೆ ರೆಂಡಿಟ್ಟ ಇಳಿಯುತ್ತದೆಯೇ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಸಂಜೆಯ ಲೆಕ್ಕವೆಲ್ಲ ಒಂದೇ ಅಂಕಿಯ ಮೇಲೆ ನಿಂತಿರುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹೋಯಿತು? ಇದೇ ರೆಂಡಿಟ್ಟ. 7 ಇದ್ದದ್ದು 8 ಆದರೆ ಪ್ರತಿ ಕಿಲೋ ನೂಲಿಗೂ ಒಂದು ಕಿಲೋ ಗೂಡಿನ ದುಡ್ಡು ಹೋದಂತೆ. ಆಗ ಗೂಡು ತೇಲುವ ಬಿಸಿನೀರಿನ ಬೇಸಿನ್ ಮುಂದೆ ಕೂತು ನೂಲು ಬಿಚ್ಚುವವರ ಮೇಲೆ ಮಾಲೀಕರ ಸಿಟ್ಟು: "ಏನಮ್ಮಾ, ಇಷ್ಟು ವರ್ಷ ಆದ್ರೂ ಕೈಗೆ ಕೆಲಸ ಹತ್ತಲಿಲ್ವಲ್ಲ!"

ಮರುದಿನ ರೆಂಡಿಟ್ಟ ಇಳಿದಿರುತ್ತದೆ. ಬೈದದ್ದಕ್ಕೇ ಸರಿಹೋಯಿತು ಎಂದು ಮಾಲೀಕರಿಗೆ ಖಾತ್ರಿಯಾಗುತ್ತದೆ.

ಬದಲಾದದ್ದು ಬಹುಪಾಲು ಗೂಡಿನ ಲಾಟು, ಅಂದರೆ ಒಮ್ಮೆಗೆ ಕೊಂಡು ತಂದ ಗೂಡಿನ ರಾಶಿ. ತೇವದ ಹವೆಯಲ್ಲಿ ಹುಳು ಕಟ್ಟಿದ ಗೂಡಿನ ಎಳೆ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಜೋಡಿ ಗೂಡಿನಲ್ಲಿ ಎರಡು ಹುಳುಗಳ ಎಳೆ ಸಿಕ್ಕಾಗಿರುತ್ತದೆ. ಬೇಯಿಸಿದ್ದು ಸಾಲದಿದ್ದರೆ ಅಂಟು ಕರಗದೆ ಎಳೆ ತುಂಡಾಗುತ್ತದೆ. ಹೆಚ್ಚು ಬೆಂದರೆ ಮೇಲಿನ ಪದರ ಕಸವಾಗಿ ಹೋಗುತ್ತದೆ. ತೀರಾ ಕೆಟ್ಟ ಲಾಟಿನ ಮರುದಿನ ಸಾಧಾರಣ ಲಾಟು ಬರುವುದೇ ಹೆಚ್ಚು, ಯಾರು ಬೈದರೂ ಬೈಯದಿದ್ದರೂ.

ಈ ಮೋಸವನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲಿ ವಾಯುಪಡೆಯ ತರಬೇತುದಾರರಲ್ಲಿ ಗುರುತಿಸಿದ್ದರು. ಹೊಗಳಿದರೆ ಮುಂದಿನ ಹಾರಾಟ ಕೆಡುತ್ತದೆ, ಬೈದರೆ ಸುಧಾರಿಸುತ್ತದೆ ಎಂದು ಆ ತರಬೇತುದಾರರು ನಂಬಿದ್ದರು. ಅತಿ ಒಳ್ಳೆಯದರ ನಂತರವೂ ಅತಿ ಕೆಟ್ಟದ್ದರ ನಂತರವೂ ಫಲ ಸರಾಸರಿಯತ್ತ ಸರಿಯುವುದು ಬರೀ ಲೆಕ್ಕದ ಗುಣ. ಬೈಗುಳಕ್ಕೆ ಪುಕ್ಕಟೆ ಕೀರ್ತಿ!

ಹಾಗಾದರೆ ಬೈಗುಳ ಏನೂ ಮಾಡುವುದಿಲ್ಲವೇ? ಮಾಡುತ್ತದೆ, ಬೇರೆ ಕಡೆ. 20-22 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲಿಗೆ ಸುಮಾರು ಎಂಟು-ಹತ್ತು ಗೂಡುಗಳ ಎಳೆ ಒಟ್ಟಿಗೆ ಓಡುತ್ತಿರಬೇಕು. ಒಂದು ಗೂಡು ಮುಗಿದೊಡನೆ ಹೊಸ ಎಳೆ ಕೂಡಿಸಬೇಕು, ತಡವಾದರೆ ನೂಲು ತೆಳುವಾಗುತ್ತದೆ. ಕಣ್ಣು ನೀರಿನ ಮೇಲಿರಬೇಕು. "ನಿನ್ನ ಕೈಲಾಗಲ್ಲ" ಎಂಬ ಮಾತು ಆ ಗಮನವನ್ನು ಕಿತ್ತು, "ನಾನು ಅಷ್ಟು ದಡ್ಡಳೇ?" ಎಂಬ ಕಡೆಗೆ ತಿರುಗಿಸುತ್ತದೆ. 1996ರಲ್ಲಿ ಸಂಶೋಧಕರಾದ ಕ್ಲೂಗರ್ ಮತ್ತು ಡಿನಿಸಿ ಹಳೆಯ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ, ಅಂದರೆ ಕೆಲಸ ಹೇಗಾಯಿತೆಂದು ಹೇಳುವುದರಿಂದ, ಲಾಭವೇ, ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡೆ ಕೆಲಸ ಕೆಟ್ಟಿತ್ತು. ಅವರು ಕೊಟ್ಟ ವಿವರಣೆಯೂ ಇದೇ: ಗಮನ ಕೆಲಸ ಬಿಟ್ಟು ತನ್ನ ಮೇಲೆ ಬಿದ್ದಷ್ಟೂ ಲಾಭ ಕರಗುತ್ತದೆ.

ಏನೂ ಹೇಳದೆ ಸುಮ್ಮನಿರುವುದೂ ಮದ್ದಲ್ಲ. 2008ರಲ್ಲಿ ಸಂಶೋಧಕ ಡ್ಯಾನ್ ಏರಿಯಲಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಹಾಳೆಯ ತುಂಬ ಇರುವ ಅಕ್ಷರಗಳಲ್ಲಿ ಜೋಡಿ ಹುಡುಕುವ ಕೆಲಸ. ಪ್ರತಿ ಹಾಳೆಗೂ ಕೂಲಿ 5 ಸೆಂಟ್ ಇಳಿಯುತ್ತಿತ್ತು. ಹಾಳೆಯನ್ನು ನೋಡಿ ಎತ್ತಿಟ್ಟುಕೊಂಡಾಗ ಜನ ಸರಾಸರಿ 9.03 ಹಾಳೆ ಮಾಡಿದರು. ಕಣ್ಣೆದುರೇ ಯಂತ್ರಕ್ಕೆ ಹಾಕಿ ಚೂರು ಮಾಡಿದಾಗ 6.34. ನೋಡದೆಯೇ ರಾಶಿಗೆ ಸೇರಿಸಿದಾಗ 6.77. ಕಡೆಗಣಿಸಿದ್ದಕ್ಕೂ ಹರಿದು ಹಾಕಿದ್ದಕ್ಕೂ ಹೆಚ್ಚು ಅಂತರವಿಲ್ಲ.

ಮಾಲೀಕರು ಬದಲಿಸಿಕೊಳ್ಳಬೇಕಾದ್ದು ಸ್ವರಕ್ಕಿಂತ ಮಾತಿನ ಗುರಿ. ಕೆಟ್ಟ ಲಾಟಿನ ದಿನ ಹೆಸರಿನ ಬದಲು ಬೇಸಿನ್ನಿನ ಕಡೆ ಬೊಟ್ಟು ಮಾಡಬಹುದು: "ಮೂರನೇ ಬೇಸಿನ್ನಲ್ಲಿ ಮಧ್ಯಾಹ್ನದಿಂದ ಎಳೆ ಜಾಸ್ತಿ ತುಂಡಾಗ್ತಿದೆ, ಗೂಡು ಬೆಂದಿಲ್ವಾ ನೋಡಮ್ಮಾ." ಹೊಗಳುವಾಗಲೂ ಅಷ್ಟೇ, "ಶಭಾಷ್" ಎಂಬುದಕ್ಕಿಂತ "ಇವತ್ತು ಎಳೆ ಕೂಡಿಸೋದು ತಡ ಆಗಲಿಲ್ಲ, ನೂಲು ಸಮ ಬಂದಿದೆ" ಎಂದರೆ ನಾಳೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ. ಲಾಟಿನ ಚೀಟಿಯನ್ನೂ ರೆಂಡಿಟ್ಟವನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಟ್ಟರೆ, ಹದಿನೈದು ದಿನದಲ್ಲಿ ಏರಿಳಿತ ಗೂಡಿನದೋ ಕೈಯದೋ ಎಂಬುದು ಕಾಣತೊಡಗುತ್ತದೆ. ಗೂಡನ್ನು ಕೊಂಡು ತಂದವರು ಯಾರು ಎಂಬ ಪ್ರಶ್ನೆಯೂ ಅದೇ ಪುಟದಲ್ಲಿರುತ್ತದೆ.